ಮಾಳಿಗೆಯ ಮೇಲೆ ಬಿದ್ದ ನೀರು ಯಾರದು?



ಹೋದ ಭಾನುವಾರ ವಂದನೆ ಮುಗಿಸಿ ಚಹಾ ಕುಡಿಯುತ್ತ ಕುಳಿತಾಗ ನಮ್ಮ ಬಳಗದ ಹುಡುಗನೊಬ್ಬ ನನಗೆ ಒಂದು ಪ್ರಶ್ನೆ ಹಾಕಿದ. ಡಿಗ್ರಿ ಎರಡನೇ ವರ್ಷ ಓದುತ್ತಿದ್ದಾನೆ, ಮಾತು ನೇರ. ನಾನು ಮನೆಯಲ್ಲಿ ಮಳೆನೀರಿನ ಟಾಕಿ ಕಟ್ಟಿಸಿದ್ದು ಅವನಿಗೆ ಗೊತ್ತಿತ್ತು. "ಸರ್, ಬಾಬಾಸಾಹೇಬ್ರು ಮಹಾಡದಾಗ ಎಲ್ಲಾರ ಕೆರೀಗೆ ಹೋಗಿ ನೀರು ಕುಡದ್ರು. ನೀವು ನೋಡಿದ್ರ ನಿಮ್ಮ ಮನ್ಯಾಗ ನಿಮ್ಮ ನೀರು ತುಂಬಿಸಿಕೊಂಡು ಕುಂತ್ರಿ. ಇದು ಹಿಂದಕ್ಕ ಸರದಂಗ ಆಗಲಿಲ್ಲೇನ್ರಿ?" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ವಾರವಿಡೀ ಆ ಮಾತು ತಲೆಯಲ್ಲಿ ಕುಳಿತಿದೆ. ಅದಕ್ಕೇ ಇವತ್ತಿನ ಚಿಂತನೆ ಸ್ವಲ್ಪ ಉದ್ದವಾಗಿದೆ. ತಾಳ್ಮೆಯಿಂದ ಓದಿರಿ.

ಮೊದಲು ಟಾಕಿಯ ಲೆಕ್ಕ ಹೇಳುತ್ತೇನೆ, ಕೆಲವರು ಕೇಳಿದ್ದರು. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಐದನೇ ತರಗತಿ ಮಕ್ಕಳೂ ಮಾಡಬಹುದಾದ ಗುಣಾಕಾರ. ನಮ್ಮ ಗದಗ ಸೀಮೆಯಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 600 ಮಿಲಿಮೀಟರ್ ಮಳೆ. ನನ್ನ ಮನೆಯ ಮಾಳಿಗೆ 30 ಅಡಿ ಉದ್ದ, 20 ಅಡಿ ಅಗಲ, ಅಂದರೆ ಸುಮಾರು 56 ಚದರ ಮೀಟರ್. ಹಾಗಾದರೆ ವರ್ಷಕ್ಕೆ 33 ಸಾವಿರ ಲೀಟರ್ ನೀರು ನನ್ನ ತಲೆಯ ಮೇಲೇ ಬಿದ್ದು ಗಟಾರಕ್ಕೆ ಹೋಗುತ್ತಿತ್ತು. ಆರಿದ್ದು, ಚೆಲ್ಲಿದ್ದು, ಮೊದಲ ಮಳೆಗೆ ಮಾಳಿಗೆ ತೊಳೆದು ಹೊರಗೆ ಬಿಟ್ಟದ್ದು ಕಳೆದರೂ 25 ಸಾವಿರಕ್ಕೆ ಮೋಸವಿಲ್ಲ. ನಾನು ಕಟ್ಟಿಸಿದ್ದು 10 ಸಾವಿರ ಲೀಟರಿನ ಟಾಕಿ. ಐದು ಜನರಿಗೆ ಕುಡಿಯಲು, ಅಡುಗೆಗೆ ದಿನಕ್ಕೆ 30 ಲೀಟರ್ ಹಿಡಿದರೆ ಹನ್ನೊಂದು ತಿಂಗಳು ಬರುತ್ತದೆ. ತುಂಬಿ ಹೆಚ್ಚಾದದ್ದು ಹಿತ್ತಲಿನ ಗುಂಡಿಗೆ ಇಳಿಯುತ್ತದೆ. ಅದರ ಪಕ್ಕದ ನುಗ್ಗಿ ಗಿಡ, ಕರಿಬೇವು ಈ ಬೇಸಿಗೆಯಲ್ಲಿ ಒಣಗಲಿಲ್ಲ.

ಟಾಕಿಯೊಳಗೆ ಬೆಳಕು ಹೋಗಬಾರದು, ಹೋದರೆ ಪಾಚಿ ಕಟ್ಟುತ್ತದೆ. ಬಾಯಿಗೆ ಸೊಳ್ಳೆ ನುಸುಳದಂತೆ ಜಾಲರಿ ಬೇಕು. ಇಷ್ಟೇ ವಿದ್ಯೆ.

ಮುಂಡರಗಿ ಕಡೆಯ ಬಂಧುಗಳಿಗೆ ಇದು ಬರೀ ಉಳಿತಾಯದ ಮಾತಲ್ಲ. ಆ ತಾಲ್ಲೂಕಿನ ಎಷ್ಟೋ ಊರುಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಆ ಊರುಗಳಿಂದ ಬಂದ ಮಕ್ಕಳು ನಕ್ಕಾಗ ಹಲ್ಲಿನ ಮೇಲಿನ ಕಂದು ಗೆರೆಗಳು ಕಾಣುತ್ತವೆ. ಕೆಲವರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಮಳೆನೀರಿನಲ್ಲಿ ಆ ಕಾಟವಿಲ್ಲ.

ಇನ್ನು ಹುಡುಗನ ಪ್ರಶ್ನೆಗೆ ಬರುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಶಿರಹಟ್ಟಿ ತಾಲ್ಲೂಕಿನ ಒಂದು ಹಳ್ಳಿಯ ಕೇರಿಯಲ್ಲಿ. ಊರ ಬಾವಿಯ ಕಟ್ಟೆಯನ್ನು ನಮ್ಮವ್ವ ಎಂದೂ ಹತ್ತಲಿಲ್ಲ. ಕಟ್ಟೆಯಿಂದ ನಾಲ್ಕು ಮಾರು ದೂರ ಕೊಡ ಇಟ್ಟುಕೊಂಡು ನಿಲ್ಲುತ್ತಿದ್ದಳು. ಯಾರಿಗಾದರೂ ಕರುಣೆ ಬಂದು ಸೇದಿ ಹಾಕಿದರೆ ನೀರು. ಹಾಕುವವರು ಕೊಡವನ್ನು ಸೊಂಟಕ್ಕಿಂತ ಮೇಲೆ ಎತ್ತಿ ಸುರಿಯುತ್ತಿದ್ದರು, ಅವರ ಕೊಡ ನಮ್ಮ ಕೊಡಕ್ಕೆ ತಾಗಬಾರದಲ್ಲ. ಅವ್ವ ಬಗ್ಗಿ, ಮುಖ ಒಂದು ಕಡೆ ತಿರುಗಿಸಿ, ಕೊಡದ ಬಾಯಿಯನ್ನು ಧಾರೆಯ ಕೆಳಗೆ ಹಿಡಿಯುತ್ತಿದ್ದಳು. ಅರ್ಧ ಒಳಗೆ, ಅರ್ಧ ಸೀರೆಗೆ. ಇದು ನೂರು ವರ್ಷದ ಹಿಂದಿನ ಮಾತಲ್ಲ, ನಾನು ಎರಡನೇ ಇಯತ್ತೆಯಲ್ಲಿದ್ದಾಗಿನದು. ಮನೆಯಲ್ಲಿ ಟಾಕಿ ಕಟ್ಟಿಸಬೇಕೆಂದು ನನಗೆ ಹಟ ಬಂದದ್ದು ಅಲ್ಲಿಂದ. ಯಾರ ಮುಂದೆಯೂ ಬಗ್ಗದೆ ಕುಡಿಯುವ ನೀರು ಬೇಕಿತ್ತು. ಮೋಡಕ್ಕೆ ನಮ್ಮ ಕೇರಿ ಯಾವುದು, ಊರು ಯಾವುದು ಗೊತ್ತಿಲ್ಲ.

ಆದರೆ ಮಹಾಡದಲ್ಲಿ ನಡೆದದ್ದು ನೀರಿನ ಕೊರತೆಯ ಜಗಳವಲ್ಲ ಎಂಬುದು ನಿಮಗೆಲ್ಲ ಗೊತ್ತು. 1923ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಎಸ್.ಕೆ. ಬೋಳೆಯವರ ನಿರ್ಣಯ ಪಾಸಾಯಿತು. ಸಾರ್ವಜನಿಕ ಹಣದಲ್ಲಿ ನಡೆಯುವ ಕೆರೆ, ಬಾವಿ, ಧರ್ಮಶಾಲೆ ಎಲ್ಲರಿಗೂ ಎಂದು. ಮಹಾಡದ ಪುರಸಭೆಯೂ ಮರುವರ್ಷ ಒಪ್ಪಿತು. ಒಪ್ಪಿದ್ದು ಕಾಗದದ ಮೇಲೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ನಡೆದುಹೋಗಿ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿದರು. ದನ, ನಾಯಿ ಕುಡಿದರೆ ಕೆಡದ ಕೆರೆ ಆ ದಿನ ಕೆಟ್ಟಿತು. ಸಗಣಿ ಗಂಜಲ ಸುರಿದು 'ಶುದ್ಧಿ' ಮಾಡಿದರು. ಮೊಕದ್ದಮೆ ಹತ್ತು ವರ್ಷ ನಡೆದು, 1937ರ ಮಾರ್ಚಿನಲ್ಲಿ ಮುಂಬಯಿ ಹೈಕೋರ್ಟು ನಮ್ಮ ಪರ ತೀರ್ಪು ಕೊಟ್ಟಿತು.

ಇಲ್ಲಿ ನಮ್ಮ ಸೀಮೆಯ ಮಾತೊಂದಿದೆ. ಆಗ ಗದಗ, ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಅಂದರೆ ಬೋಳೆ ನಿರ್ಣಯ ಇಲ್ಲಿನ ಕೆರೆ-ಬಾವಿಗಳಿಗೂ ಸೇರಿದ್ದು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ ಇದ್ದವು, ಅಲ್ಲಿಗೆ ಆ ನಿರ್ಣಯ ತಲುಪುವಂತೆಯೇ ಇರಲಿಲ್ಲ. ಒಂದೇ ಮೋಡದ ಮಳೆ, ಹತ್ತಾರು ಮೈಲಿಗೊಂದು ಕಾನೂನು. ಕಾನೂನು ಇದ್ದ ಕಡೆಯೂ ಕಟ್ಟೆ ಹತ್ತಿಸಿಕೊಂಡವರು ಎಷ್ಟು ಜನ ಎಂದು ನಮ್ಮ ನಮ್ಮ ಮುತ್ತಜ್ಜಿಯರ ಮಾತು ನೆನೆದರೆ ಸಾಕು. ಲಕ್ಕುಂಡಿಯಲ್ಲಿ 101 ಗುಡಿ, 101 ಬಾವಿ ಇದ್ದವೆಂದು ಮಕ್ಕಳಿಗೆ ನಾನೇ ಹೆಮ್ಮೆಯಿಂದ ಪಾಠ ಮಾಡುತ್ತೇನೆ. ಮುಸುಕಿನ ಬಾವಿಯ ಮೆಟ್ಟಿಲುಗಳ ಕೆತ್ತನೆ ನೋಡಿ ಬೆರಗಾಗುತ್ತೇನೆ. ಆ ಮೆಟ್ಟಿಲು ಯಾರ ಕಾಲಿಗಾಗಿ ಕಡೆದದ್ದು ಎಂದು ಯಾವ ಮಗುವೂ ಈವರೆಗೆ ಕೇಳಿಲ್ಲ. ನಾನೂ ಹೇಳಿಲ್ಲ.

ಹುಡುಗ ಕೇಳಿದ್ದರ ತಿರುಳು ಇದು: ಬಾಬಾಸಾಹೇಬರು ನಮಗೊಂದು ಬೇರೆ ಬಾವಿ ತೋಡಿಸಿಕೊಡಿ ಎಂದು ಬೇಡಲಿಲ್ಲ, ಇದ್ದ ಕೆರೆಗೇ ಹೋದರು. ನನ್ನ ಟಾಕಿ ನಾನೇ ತೋಡಿಕೊಂಡ ಬೇರೆ ಬಾವಿಯಲ್ಲವೇ?

ಒಂದು ಅರ್ಥದಲ್ಲಿ ಅಲ್ಲ. ಬೇರೆ ಬಾವಿಯನ್ನು ಇನ್ನೊಬ್ಬರು ಕೊಟ್ಟು, ಅಲ್ಲೇ ಇರಿ ಎನ್ನುತ್ತಾರೆ. ಟಾಕಿಯನ್ನು ನಾನೇ ಕಟ್ಟಿಸಿಕೊಂಡೆ, ನನ್ನನ್ನು ಎಲ್ಲಿಯೂ ಕೂಡಿಹಾಕಿಲ್ಲ. ಭಿಕ್ಕುಗಳೂ ಮಳೆನೀರು ಹಿಡಿದಿಟ್ಟು ಕುಡಿದವರೇ. ಮುಂಬಯಿಯ ಹತ್ತಿರ ಕನ್ಹೇರಿಯ ಗುಹೆಗಳನ್ನು ನೋಡಿದವರಿಗೆ ಗೊತ್ತು, ಗುಹೆಗಳ ಪಕ್ಕದಲ್ಲೇ ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳಿವೆ, ಬೆಟ್ಟದ ಮೇಲಿನ ಮಳೆ ಅವಕ್ಕೆ ಇಳಿಯಲು ಸಣ್ಣ ಕಾಲುವೆಗಳಿವೆ. ತೊಟ್ಟಿ ಮಾಡಿಸಿಕೊಟ್ಟ ಗೃಹಸ್ಥರ ಹೆಸರು ಬ್ರಾಹ್ಮಿ ಲಿಪಿಯಲ್ಲಿದೆ. ಅಷ್ಟು ದೂರ ಯಾಕೆ, ನಮ್ಮ ಮುಂಡರಗಿ ತಾಲ್ಲೂಕಿನ ಡಂಬಳದಲ್ಲೇ 1095ರ ಶಾಸನವಿದೆ. ಅಲ್ಲಿ ಸೆಟ್ಟಿಗಳು ಕಟ್ಟಿಸಿದ ಬುದ್ಧ ವಿಹಾರ, ತಾರಾದೇವಿಯ ಮಂದಿರ ಇದ್ದವು. ಬೌದ್ಧ ಧರ್ಮ ನಮಗೆ ನಾಗಪುರದಿಂದ ಬಂತು ಎನ್ನುವಾಗ ಡಂಬಳವನ್ನೂ ನೆನೆಯಬೇಕು. ಈ ಕಪ್ಪು ಮಣ್ಣಿನ ಸೀಮೆಯ ಬೇಸಿಗೆಯನ್ನು ಆ ವಿಹಾರದವರೂ ಕಳೆದಿದ್ದಾರೆ.

ಇನ್ನೊಂದು ಅರ್ಥದಲ್ಲಿ ಹುಡುಗನ ಮಾತು ನಿಜ. ಟಾಕಿ ತುಂಬಿದ ವರ್ಷದಿಂದ ನಾನು ನಮ್ಮ ಓಣಿಯ ನೀರಿನ ಸಭೆಗೆ ಹೋಗಿಲ್ಲ. ಮೊದಲು ನಳದ ನೀರು ತಡವಾದರೆ ಅರ್ಜಿ ಬರೆಯುವವನೇ ನಾನು. ಈಗ ಅರ್ಜಿ ಬರೆಯಿರಿ ಸರ್ ಎಂದು ಬಂದವರಿಗೆ ಪರೀಕ್ಷೆಯ ಕೆಲಸ, ಜನಗಣತಿಯ ಕೆಲಸ ಎಂದೆ. ಬಾಯಾರಿಕೆ ಹೋದ ಕೂಡಲೇ ಹಕ್ಕಿನ ನೆನಪೂ ಹೋಯಿತು. ಇದನ್ನು ಬರೆಯಲು ನಾಚಿಕೆ ಆಗುತ್ತಿದೆ. ಇನ್ನೂ ನಾಚಿಕೆಯದು ಮುಂದಿದೆ.

ಈ ಬೇಸಿಗೆಯಲ್ಲಿ ಪೈಪು ಒಡೆದು ಬಹಳ ದಿನ ನಳ ಬರಲಿಲ್ಲ. ಒಂದು ಮುಂಜಾನೆ ಹಿಂದಿನ ಓಣಿಯ ಹೆಣ್ಣುಮಗಳು ಎರಡು ಕೊಡ ಹಿಡಿದು ಗೇಟಿನ ಹೊರಗೆ ನಿಂತಳು. "ಯವ್ವಾ, ಕುಡ್ಯಾಕಷ್ಟ ನೀರ ಕೊಡ್ರಿ." ನಮಗಿಂತ ಕೆಳಗಿನವರೆಂದು ನಮ್ಮವರೇ ಹೇಳಿಕೊಂಡು ಬಂದ ಸಮುದಾಯದವಳು ಆಕೆ. ಅವ್ವ ಇಲ್ಲ ಎನ್ನಲಿಲ್ಲ. ಟಾಕಿಯಿಂದ ಸೇದಿದಳು, ಗೇಟಿಗೆ ಹೋದಳು, ಕೊಡವನ್ನು ಸೊಂಟಕ್ಕಿಂತ ಮೇಲೆ ಎತ್ತಿ ಸುರಿದಳು. ಆಕೆ ಬಗ್ಗಿ, ಮುಖ ತಿರುಗಿಸಿ, ಕೊಡ ಹಿಡಿದಳು. ನಾನು ಪಡಸಾಲೆಯಲ್ಲಿ ಪೇಪರು ಓದುತ್ತಿದ್ದೆ.

ಆನಂದ ಮತ್ತು ಮಾತಂಗ ಕನ್ಯೆಯ ಕಥೆಯನ್ನು ವಿಹಾರದಲ್ಲಿ ಕೇಳಿ ಕಣ್ಣೊರೆಸಿಕೊಂಡವಳು ನಮ್ಮವ್ವ. ಆಮೇಲೆ ಮೆಲ್ಲಗೆ ಕೇಳಿದೆ, "ಅಷ್ಟು ಮ್ಯಾಲ ಎತ್ತಿ ಯಾಕ ಹಾಕಿದಿ ಬೇ?"

"ಹಂಗ ಹಾಕಿದ್ರ ಚೆಲ್ಲೂದಿಲ್ಲೋ ಯಪ್ಪಾ" ಎಂದಳು. ಗೇಟಿನ ಮುಂದೆ ನೆಲ ಪೂರ್ತಿ ತೊಯ್ದಿತ್ತು.

ಆಕೆ ಸುಳ್ಳು ಹೇಳಲಿಲ್ಲ. ಕೈ ಏನು ಮಾಡಿತೆಂದು ಆಕೆಗೇ ಗೊತ್ತಿರಲಿಲ್ಲ. ಶ್ರೇಣೀಕೃತ ಅಸಮಾನತೆ ಎಂದು ಬಾಬಾಸಾಹೇಬರು ಕರೆದದ್ದನ್ನು ನಾನು ಎಷ್ಟು ಭಾಷಣದಲ್ಲಿ ವಿವರಿಸಿಲ್ಲ! ಅದು ನಮ್ಮ ಮನೆಯ ಗೇಟಿನಲ್ಲಿ, ನಮ್ಮವ್ವನ ಮೊಣಕೈ ಎಷ್ಟು ಮೇಲಕ್ಕೆ ಹೋಗುತ್ತದೆ ಎಂಬುದರಲ್ಲಿ ಇತ್ತು. ಪೇಪರು ಕೆಳಗಿಟ್ಟು ಏಳದ ನಾನೂ ಅದರಲ್ಲಿದ್ದೆ. ಕೊಡುವ ಕೈ ಎಂಬುದು ಇಷ್ಟು ಅಪಾಯದ್ದು. ಬೇಡುವುದನ್ನು ಬಿಡಲು ನೀರು ಕೂಡಿಟ್ಟೆ, ಬೇಡಿಸಿಕೊಳ್ಳುವವನಾದೆ.

ಹಾಗಾದರೆ ಟಾಕಿ ಎಲ್ಲರಿಗೂ ಬಿಟ್ಟುಬಿಡಲೇ? ಅದರ ಲೆಕ್ಕವನ್ನೂ ಮಾಡಿದೆ. ಇಪ್ಪತ್ತು ಮನೆ, ಮನೆಗೆ ಎರಡು ಕೊಡ, ಕೊಡಕ್ಕೆ 15 ಲೀಟರ್. ದಿನಕ್ಕೆ 600 ಲೀಟರ್. ಹದಿನೇಳನೇ ದಿನಕ್ಕೆ ಟಾಕಿಯ ತಳ ಕಾಣುತ್ತದೆ, ಆಮೇಲೆ ಇಪ್ಪತ್ತೂ ಮನೆ ನನ್ನದೂ ಸೇರಿ ಒಣಗಿರುತ್ತವೆ. ದಾನ ಪಾರಮಿತೆಯನ್ನು ಬಾಯಲ್ಲಿ ಹೇಳುವುದು ಸುಲಭ, 10 ಸಾವಿರ ಲೀಟರಿಗೆ ಭಾಗಿಸುವುದು ಕಷ್ಟ.

ನೀರು ಕಡಿಮೆ ಇದ್ದಾಗ ಧಮ್ಮ ಏನು ಮಾಡುತ್ತದೆ ಎಂದು ಹುಡುಕುತ್ತ 'ಬುದ್ಧ ಮತ್ತು ಆತನ ಧಮ್ಮ' ಮತ್ತೆ ತೆಗೆದೆ. ಸಿದ್ಧಾರ್ಥ ಮನೆ ಬಿಟ್ಟದ್ದು ಮುದುಕ, ರೋಗಿ, ಹೆಣ ನೋಡಿ ಎಂಬ ಕಥೆಯನ್ನು ಬಾಬಾಸಾಹೇಬರು ಒಪ್ಪುವುದಿಲ್ಲ. ಅವರು ಹೇಳುವ ಕಾರಣ ರೋಹಿಣಿ ನದಿಯ ನೀರು. ಶಾಕ್ಯರ ಆಳುಗಳಿಗೂ ಕೋಲಿಯರ ಆಳುಗಳಿಗೂ ನೀರಿಗಾಗಿ ಹೊಡೆದಾಟ ಆಯಿತು, ಶಾಕ್ಯ ಸಂಘ ಯುದ್ಧಕ್ಕೆ ಎದ್ದಿತು. ಸಿದ್ಧಾರ್ಥ ಬೇಡವೆಂದ. ನಮ್ಮಿಂದ ಇಬ್ಬರು, ಅವರಿಂದ ಇಬ್ಬರು, ಆ ನಾಲ್ವರು ಸೇರಿ ಐದನೆಯವನನ್ನು ಆರಿಸಿ ತೀರ್ಮಾನ ಮಾಡಲಿ ಎಂದ. ಬಹುಮತ ಒಪ್ಪಲಿಲ್ಲ, ಅವನು ಪರಿವ್ರಾಜಕನಾಗಿ ಹೊರಟ. ನಾನು ಗಮನಿಸಿದ್ದು ಏನೆಂದರೆ, ಅವನು ನೀರನ್ನು ತ್ಯಾಗ ಮಾಡೋಣ ಎನ್ನಲಿಲ್ಲ, ನಮ್ಮದೇ ಎಂದೂ ಹಟ ಹಿಡಿಯಲಿಲ್ಲ. ಕೂತು ಲೆಕ್ಕ ಮಾಡೋಣ ಎಂದ. ನಾನು ಹೋಗುವುದನ್ನು ಬಿಟ್ಟ ಓಣಿಯ ಸಭೆ ಅದೇ ಜಾತಿಯದು.

ವಿನಯ ಪಿಟಕದಲ್ಲಿ ಇನ್ನೊಂದು ಪ್ರಸಂಗವಿದೆ. ಇಬ್ಬರು ಭಿಕ್ಕುಗಳು ದಾರಿ ನಡೆಯುತ್ತಿದ್ದರು. ಒಬ್ಬನ ಹತ್ತಿರ ನೀರು ಸೋಸುವ ಬಟ್ಟೆ ಇತ್ತು, ಇನ್ನೊಬ್ಬನ ಹತ್ತಿರ ಇರಲಿಲ್ಲ. ದಾರಿಯಲ್ಲಿ ಮನಸ್ತಾಪವಾಗಿತ್ತು. ಇಲ್ಲದವನು ಕೇಳಿದ, ಇದ್ದವನು ಸಿಟ್ಟಿನಿಂದ ಕೊಡಲಿಲ್ಲ. ಕೇಳಿದವನು ಬಾಯಾರಿ ಸತ್ತ. ಆಗ ಬುದ್ಧರು, ದಾರಿಯಲ್ಲಿ ಸೋಸುಬಟ್ಟೆ ಕೇಳಿದವರಿಗೆ ಇಲ್ಲವೆನ್ನಬಾರದು ಎಂದು ನಿಯಮ ಮಾಡಿದರು. ಅವನು ಕೇಳಿದ್ದು ನೀರನ್ನಲ್ಲ, ಬಟ್ಟೆಯನ್ನು. ನೀರು ಹಂಚಿದರೆ ಕಡಿಮೆಯಾಗುತ್ತದೆ, ಸೋಸುಬಟ್ಟೆ ಕಡಿಮೆಯಾಗುವುದಿಲ್ಲ. ನನಗೆ ದಾರಿ ಸ್ವಲ್ಪ ಕಂಡದ್ದು ಇಲ್ಲಿ.

ಮಾಳಿಗೆ ನೀರಿನ ವಿಷಯದಲ್ಲಿ ಎರಡನೇ ಶೀಲದ ಭಯ ನನಗೆ ಹೆಚ್ಚಿಲ್ಲ. ಕೊಡದಿದ್ದನ್ನು ತೆಗೆದುಕೊಂಡೆನೇ ಎಂದು ಕೇಳಿಕೊಂಡರೆ, ಗಟಾರ ಸೇರುವುದನ್ನು ಹಿಡಿದೆ, ಅಷ್ಟೇ. ಭಯ ಇರಬೇಕಾದದ್ದು ಬೋರಿನ ವಿಷಯದಲ್ಲಿ. ನನ್ನ ಹಿತ್ತಲಲ್ಲಿ ಐನೂರು ಅಡಿ ಇಳಿದ ಕೊಳವೆ ಪಕ್ಕದವರ ಕಾಲ ಕೆಳಗಿನ ನೀರನ್ನೂ ಎಳೆಯುತ್ತದೆ. ಅದನ್ನು ಯಾರೂ ಕಳವು ಎನ್ನುವುದಿಲ್ಲ, ನಾವು ಶೀಲ ತೆಗೆದುಕೊಂಡವರೂ ಎನ್ನುವುದಿಲ್ಲ.

ಈ ವಾರ ಮೂರು ಕೆಲಸ ಆಯಿತು. ಮಿಸ್ತ್ರಿಯನ್ನು ಕರೆಸಿ ಟಾಕಿಗೆ ಹೊರಗೋಡೆಯ ಕಡೆ ಒಂದು ನಳ ಕೂಡಿಸಿದೆ. ಇನ್ನು ಯಾರೂ ಯಾರಿಗೂ ಎತ್ತಿ ಸುರಿಯಬೇಕಿಲ್ಲ, ಬಂದವರು ತಾವೇ ತಿರುಗಿಸಿ ಹಿಡಿದುಕೊಳ್ಳಬಹುದು. ಬೇಸಿಗೆಯಲ್ಲಿ ಮನೆಗೆ ಎಷ್ಟು ಕೊಡ ಎಂಬುದನ್ನು ಓಣಿಯ ಸಭೆಯೇ ಹೇಳಲಿ ಎಂದು ಹೋಗಿ ಹೇಳಿ ಬಂದೆ. ನಳದ ನೀರಿನ ಅರ್ಜಿಯನ್ನೂ ಅಲ್ಲೇ ಕೂತು ಬರೆದೆ. ಅವ್ವ ನಳಕ್ಕೊಂದು ಕೀಲಿ ತರಲು ಹೇಳಿದಳು. ತಂದಿದ್ದೇನೆ. ಹಾಕಬೇಕೋ ಬೇಡವೋ ಎಂದು ನಮ್ಮಿಬ್ಬರಲ್ಲಿ ಇನ್ನೂ ಮಾತು ನಡೆದಿದೆ.

ಮೂರನೆಯದು ಆ ಹುಡುಗನ ಕೆಲಸ. ಹಿಂದಿನ ಓಣಿಯ ಆ ಹೆಣ್ಣುಮಗಳ ಮನೆಗೆ ತಗಡಿನ ಮಾಡು, ಹದಿನೈದು ಅಡಿಗೆ ಹತ್ತು ಅಡಿ. ಒಂದು ಒಳ್ಳೆಯ ಮಳೆ, 20 ಮಿಲಿಮೀಟರ್ ಬಿದ್ದರೂ 200 ಲೀಟರಿನ ಬ್ಯಾರಲ್ ತುಂಬುತ್ತದೆ. ಪೈಪನ್ನು ಉದ್ದಕ್ಕೆ ಸೀಳಿ ತಗಡಿನ ಅಂಚಿಗೆ ತಂತಿಯಿಂದ ಕಟ್ಟಿದ್ದೇವೆ, ಬ್ಯಾರಲಿನ ಬಾಯಿಗೆ ನಾಲ್ಕು ಮಡಿಕೆ ಹತ್ತಿ ಬಟ್ಟೆ. ಏಣಿ ಹಿಡಿದವನು ನಾನು, ಮೇಲೆ ಹತ್ತಿದವನು ಹುಡುಗ. ಆಕೆ ನಮಗೆ ಚಹಾ ಮಾಡಿಕೊಟ್ಟಳು. ಅವ್ವನಿಗೂ ಒಂದು ಕಪ್ಪು ಕಳಿಸಿದಳು, ಅವ್ವ ಕುಡಿದಳು.

ನಿನ್ನೆ ರೋಹಿಣಿ ಮಳೆ ನಾಲ್ಕು ಹನಿ ಬಿತ್ತು. ತಗಡು ತೊಳೆದು ಹೋಗಲಿ ಎಂದು ಅದನ್ನು ಹಿಡಿಯದೆ ಬಿಟ್ಟೆವು. ಮುಂದಿನದಕ್ಕೆ ಕಾಯುತ್ತಿದ್ದೇವೆ.

ಜೈ ಭೀಮ್.