ಕೇಳಿದ್ದರೆ ಹೇಳುತ್ತಿದ್ದೆವು

ನಮ್ಮ ತಾತ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವುದನ್ನು ನಾನು ಹುಡುಗನಾಗಿದ್ದಾಗ ಒಮ್ಮೆ ಕಂಡಿದ್ದೇನೆ. ಮೊದಲು ಬಾಯಿ ಬಿಡಿಸಿ ಹಲ್ಲು ನೋಡಿದರು. ಆಮೇಲೆ ಮೈಮೇಲಿನ ಸುಳಿ ನೋಡಿದರು. ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡಿದರು. ಕೊನೆಗೆ ದಲ್ಲಾಳಿಯ ಕೈಯನ್ನು ಟವೆಲಿನ ಕೆಳಗೆ ಹಿಡಿದು ಬೆರಳಿನಲ್ಲಿಯೇ ಬೆಲೆ ಮಾತನಾಡಿದರು. ಮಾರುವವನು ತನ್ನ ಎತ್ತಿನ ಐಬನ್ನು ತಾನಾಗಿಯೇ ಹೇಳಬೇಕೆಂದು ಅಲ್ಲಿ ಯಾರೂ ಬಯಸುತ್ತಿರಲಿಲ್ಲ. ಬಯಸಬೇಕಾದ ಅಗತ್ಯವೂ ಇರಲಿಲ್ಲ. ಮಾರುವವನೂ ರೈತ, ಕೊಳ್ಳುವವನೂ ರೈತ. ಎತ್ತಿನ ವಿಷಯದಲ್ಲಿ ಒಬ್ಬನಿಗೆ ತಿಳಿದಷ್ಟು ಇನ್ನೊಬ್ಬನಿಗೂ ತಿಳಿದಿತ್ತು.

ಅಂಥ ತಾತನ ಮೊಮ್ಮಗನಾದ ನಾನು ಈಚೆಗೆ ಬೆಂಗಳೂರಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ಬಾಗಿಲು ತೆರೆದು ಮುಚ್ಚಿದೆ. ಚಕ್ರವನ್ನು ಕಾಲಿನಿಂದ ಒಮ್ಮೆ ಒದ್ದೆ. ಏಕೆ ಒದೆಯಬೇಕೆಂದು ನನಗೆ ಈಗಲೂ ತಿಳಿಯದು, ಕಾರು ಕೊಳ್ಳುವವರೆಲ್ಲ ಒದೆಯುತ್ತಾರೆ. ಅಂಗಡಿಯ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹತ್ತು ನಿಮಿಷ ಓಡಿಸಿದೆ. ಬಾನೆಟ್ಟಿನ ಒಳಗೆ ಎಲ್ಲವೂ ತೊಳೆದು ಒರೆಸಿ ಥಳಥಳಿಸುತ್ತಿತ್ತು. “ಇಂಜಿನ್ ಚೆನ್ನಾಗಿದೆ ತಾನೇ?” ಎಂದು ಕೇಳಿದೆ. ವ್ಯಾಪಾರಿ ನಕ್ಕು, “ಗಾಡಿ ನಿಮ್ಮ ಕಣ್ಣ ಮುಂದೇ ಇದೆಯಲ್ಲ, ಸಾರ್” ಎಂದರು. ಅದನ್ನು ನಾನು ಉತ್ತರವೆಂದು ತಿಳಿದೆ. ನನ್ನ ಹಳೆಯ ಕಾರನ್ನು ಅವರಿಗೇ ಬಿಟ್ಟು, ಮೇಲೆ 2,70,000 ರೂಪಾಯಿ ಕೊಟ್ಟು ಮನೆಗೆ ಬಂದೆ.

ಹನ್ನೊಂದನೆಯ ದಿನ ತಾಯಿಯವರನ್ನು ಕೂರಿಸಿಕೊಂಡು ಮೇಲುಕೋಟೆಗೆ ಹೊರಟೆವು. ರಾಮನಗರ ದಾಟುವ ಮೊದಲೇ ಬಾನೆಟ್ಟಿನಿಂದ ಹಬೆ ಎದ್ದಿತು. ಎಂಬತ್ತು ದಾಟಿದ ಮುದುಕಿಯನ್ನು ರಸ್ತೆಯ ಬದಿಯ ಹುಣಸೆಮರದ ಕೆಳಗೆ ಕೂರಿಸಿ, ಎಳೆದೊಯ್ಯುವ ಗಾಡಿಗಾಗಿ ಎರಡು ಗಂಟೆ ಕಾದೆವು. ಮರುದಿನ ನಮ್ಮ ಬೀದಿಯ ಹಳೆಯ ಮೆಕ್ಯಾನಿಕ್ ಆಯಿಲಿನ ಮುಚ್ಚಳ ತೆಗೆದು ಅದರ ಒಳಬದಿಯನ್ನು ನನಗೆ ತೋರಿಸಿದರು. ಮಜ್ಜಿಗೆ ಕಡೆದಾಗ ಏಳುವಂಥ ಬೆಳ್ಳನೆಯ ಕೆನೆ ಅಂಟಿತ್ತು. ಇಂಜಿನ್ನಿನ ತಲೆಗೂ ಒಡಲಿಗೂ ನಡುವೆ ಹೆಡ್ ಗ್ಯಾಸ್ಕೆಟ್ ಎಂಬ ತೆಳುವಾದ ತಗಡು ಇರುತ್ತದೆ. ಬೆಂಕಿ, ನೀರು, ಎಣ್ಣೆ ಮೂರೂ ಒಂದರೊಳಗೊಂದು ಸೇರದಂತೆ ಕಾಯುವುದು ಅದರ ಕೆಲಸ. ಅದು ಹೋಗಿತ್ತು. ರೇಡಿಯೇಟರಿನ ನೀರಿನಲ್ಲಿ ಸೋರಿಕೆ ಮುಚ್ಚುವ ಔಷಧಿಯ ಗಸಿ ಇತ್ತು. “ಹತ್ತು ನಿಮಿಷದ ಓಟಕ್ಕೆ ಇದು ತಡೆಯುತ್ತೆ ಸ್ವಾಮಿ, ಒಂದು ಗಂಟೆಯ ಓಟಕ್ಕೆ ತಡೆಯಲ್ಲ” ಎಂದರು. ಬಾಗಿದ ಹೆಡ್ಡನ್ನು ಲೇತಿಗೆ ಕಳಿಸುವುದೂ ಸೇರಿ ಖರ್ಚು 32,000 ರೂಪಾಯಿ.

ನಾನು ಕೋಪದಿಂದಲೇ ವ್ಯಾಪಾರಿಯ ಬಳಿಗೆ ಹೋದೆ. ಅವರು ಕೋಪಿಸಿಕೊಳ್ಳಲಿಲ್ಲ. ಕಾಫಿ ತರಿಸಿದರು. “ನೀವೇ ನೋಡಿದಿರಿ, ನೀವೇ ಓಡಿಸಿದಿರಿ, ಇರುವ ಸ್ಥಿತಿಯಲ್ಲೇ ಕೊಂಡಿದ್ದೇನೆ ಅಂತ ಸಹಿಯನ್ನೂ ಹಾಕಿದಿರಿ. ಔಷಧಿ ನಾವು ಹಾಕಿದ್ದಲ್ಲ, ಹಿಂದಿನ ಮಾಲೀಕರು ಹಾಕಿದ್ದು. ಕೇಳಿದ್ದರೆ ಹೇಳುತ್ತಿದ್ದೆವು.”

“ಕೇಳಿದೆನಲ್ಲ?”

“ಹೆಡ್ ಗ್ಯಾಸ್ಕೆಟ್ ವಿಷಯ ಕೇಳಿದಿರಾ, ಸಾರ್?”

ಈ ಪ್ರಶ್ನೆಗೆ ನಾನು ಉತ್ತರ ಕೊಡಲಾರದೆ ಎದ್ದು ಬಂದೆ. ಹೆಡ್ ಗ್ಯಾಸ್ಕೆಟ್ ಎಂಬ ವಸ್ತು ಲೋಕದಲ್ಲಿ ಇದೆಯೆಂದೇ ನನಗೆ ತಿಳಿದಿರಲಿಲ್ಲ. ತಿಳಿಯದ್ದನ್ನು ಕೇಳುವುದು ಹೇಗೆ? ಆದರೆ ದಾರಿಯಲ್ಲಿ ಅವರ ಮಾತು ಇನ್ನೊಂದು ಬಗೆಯಲ್ಲಿ ಕಿವಿಯಲ್ಲಿ ಮೊಳಗಿತು. ಕೇಳಿದ್ದರೆ ಹೇಳುತ್ತಿದ್ದೆವು ಎಂದರೆ, ತಿಳಿದಿತ್ತು ಎಂದೇ ಅರ್ಥವಲ್ಲವೇ?

ತಿಳಿದವನು ಕೇಳದವನಿಗೆ ಹೇಳಬೇಕೇ? ಪ್ರಶ್ನೆ ಬಹಳ ಹಳೆಯದು. ಕೊಂಡದ್ದಕ್ಕೋ ಮಾರಿದ್ದಕ್ಕೋ ಪಶ್ಚಾತ್ತಾಪಪಟ್ಟವನು ಹತ್ತು ದಿನದೊಳಗೆ ವಸ್ತುವನ್ನು ಹಿಂದಕ್ಕೆ ಕೊಡಬಹುದು, ಪಡೆಯಬಹುದು ಎಂದು ಮನುಸ್ಮೃತಿಯಲ್ಲಿದೆ. (ನನ್ನ ಕಾರು ಮನುವಿನ ಗಡುವನ್ನು ಒಂದು ದಿನ ದಾಟಿಯೇ ಕೆಟ್ಟಿತು.) ರೋಮಿನ ಸಿಸೆರೋ ಕ್ರಿಸ್ತಪೂರ್ವ 44ರಲ್ಲಿ ಮಗನಿಗೆಂದು ಬರೆದ ಕರ್ತವ್ಯಗಳ ಗ್ರಂಥದಲ್ಲಿ ಒಂದು ಪ್ರಸಂಗವನ್ನು ಮುಂದಿಡುತ್ತಾನೆ. ರೋಡ್ಸ್ ದ್ವೀಪದಲ್ಲಿ ಕ್ಷಾಮ. ಅಲೆಕ್ಸಾಂಡ್ರಿಯದಿಂದ ಒಬ್ಬ ವರ್ತಕ ಧಾನ್ಯ ತರುತ್ತಾನೆ. ಹಿಂದೆ ಇನ್ನೂ ಅನೇಕ ಹಡಗುಗಳು ಬರುತ್ತಿರುವುದನ್ನು ಅವನು ಕಂಡಿದ್ದಾನೆ. ಅದನ್ನು ಊರವರಿಗೆ ಹೇಳಬೇಕೋ, ಸುಮ್ಮನಿದ್ದು ಹೆಚ್ಚಿನ ಬೆಲೆಗೆ ಮಾರಬೇಕೋ? ಬ್ಯಾಬಿಲೋನಿನ ಡಯೋಜಿನಿಸ್ ಎಂಬ ತತ್ತ್ವಜ್ಞಾನಿ, ಹೇಳದಿರುವುದು ಬೇರೆ, ಮರೆಮಾಚುವುದು ಬೇರೆ ಎಂದನಂತೆ. ಅವನ ಶಿಷ್ಯ ಆಂಟಿಪೇಟರ್, ಕೊಳ್ಳುವವನಿಗೆ ಎಲ್ಲವೂ ತಿಳಿಯಬೇಕು ಎಂದನಂತೆ. ಸಿಸೆರೋ ಶಿಷ್ಯನ ಕಡೆಗೇ ವಾಲುತ್ತಾನೆ.

ನಮ್ಮ 1872ರ ಕರಾರು ಕಾಯಿದೆಯ 17ನೆಯ ಕಲಮಿನಲ್ಲಿ ಇದೇ ಪ್ರಶ್ನೆ ಕುದುರೆಯ ರೂಪದಲ್ಲಿ ಬರುತ್ತದೆ. ಐಬುಳ್ಳ ಕುದುರೆಯನ್ನು ಹರಾಜಿನಲ್ಲಿ ಮಾರುವವನು ಸುಮ್ಮನಿದ್ದರೆ ವಂಚನೆಯಲ್ಲ. ಕೊಳ್ಳುವವಳು ಅವನ ಮಗಳೇ ಆಗಿ, ಆಗತಾನೆ ಪ್ರಾಪ್ತ ವಯಸ್ಸಿಗೆ ಬಂದವಳಾದರೆ, ಹೇಳುವುದು ಅವನ ಕರ್ತವ್ಯ. ಕೊಳ್ಳುವವನು, ‘ನೀನು ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ’ ಎಂದ ಮೇಲೂ ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ಇನ್ನು 1930ರ ಸರಕು ಮಾರಾಟದ ಕಾಯಿದೆ, ಕೊಳ್ಳುವವನೇ ಎಚ್ಚರವಾಗಿರಲಿ ಎಂಬಲ್ಲಿಂದ ಹೊರಟರೂ, ಅದೇ ಸರಕಿನ ವ್ಯಾಪಾರಿಯ ತಿಳಿವಳಿಕೆಯನ್ನು ನಂಬಿ ಕೊಂಡವನಿಗೆ ರಕ್ಷಣೆ ಕೊಡುತ್ತದೆ. 1986ರ ಗ್ರಾಹಕ ರಕ್ಷಣೆಯ ಕಾಯಿದೆಯ ಜಾಗಕ್ಕೆ ಬಂದ 2019ರ ಕಾಯಿದೆಯಂತೆ, ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು, ವಕೀಲರೇ ಬೇಕೆಂದಿಲ್ಲ.

ಇಷ್ಟನ್ನೂ ಓದಿ, ನಾನು ನ್ಯಾಯದ ಪಕ್ಷದಲ್ಲಿದ್ದೇನೆಂಬ ಸಂತೋಷದಿಂದ ಒಂದು ನೋಟೀಸು ಬರೆಯಲು ಕುಳಿತೆ. ‘ನಿಮಗೆ ತಿಳಿದಿದ್ದ ದೋಷವನ್ನು ನೀವು ತಿಳಿಸದೆ’ ಎಂಬವರೆಗೆ ಬರೆದಾಗ ಕೈ ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಅವರಿಗೆ ನಾನು ಬಿಟ್ಟುಬಂದ ನನ್ನ ಹಳೆಯ ಕಾರು ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಕುಡಿಯುತ್ತಿತ್ತು. ಕೊಡುವ ಹಿಂದಿನ ಸಂಜೆ ಆಯಿಲನ್ನು ಗುರುತಿನವರೆಗೆ ತುಂಬಿಸಿ ಕೊಂಡೊಯ್ದಿದ್ದೆ. ಅದು ಗಾಡಿಯ ಆರೈಕೆಯೇ, ಮರೆಮಾಚುವಿಕೆಯೇ? ಆ ಸಂಜೆ ನನಗೆ ಈ ಪ್ರಶ್ನೆಯೇ ಹೊಳೆದಿರಲಿಲ್ಲ. ನನ್ನ ಕಾರಿನ ರೇಡಿಯೇಟರಿಗೆ ಔಷಧಿ ಹಾಕಿದ ಆ ಅಜ್ಞಾತ ಮಾಲೀಕರಿಗೂ ಹೊಳೆದಿರಲಾರದು.

ಎರಡು ದಿನ ಬಿಟ್ಟು ಮತ್ತೆ ಹೋದೆ. ಮೊದಲು ನನ್ನ ತಪ್ಪನ್ನು ಹೇಳಿದೆ. ವ್ಯಾಪಾರಿ ಗಟ್ಟಿಯಾಗಿ ನಕ್ಕರು. “ಅದು ಆವತ್ತೇ ಗೊತ್ತಾಯ್ತು, ಸಾರ್. ಹೊಗೆ ನೋಡಿದ ಕೂಡಲೇ ನಮ್ಮ ಹುಡುಗ ಹೇಳಿದ. ಇಪ್ಪತ್ತೈದು ಸಾವಿರ ಅದಕ್ಕೇ ಇಳಿಸಿದ್ದು.”

ಆ ನಗೆಯಿಂದ ನನಗೆ ಪುಸ್ತಕಗಳಿಂದ ದೊರೆಯದ ತಿಳಿವು ದೊರೆಯಿತು. ಇಬ್ಬರೂ ಸುಮ್ಮನಿದ್ದೆವು, ಆದ್ದರಿಂದ ಲೆಕ್ಕ ಸಮವಾಯಿತು ಎಂದು ನಾನು ಭಾವಿಸಿದ್ದುದು ತಪ್ಪು. ನನ್ನ ಮೌನದೊಳಗೆ ಏನಿದೆಯೆಂದು ಅವರಿಗೆ ಕಾಣುತ್ತಿತ್ತು. ಅದಕ್ಕೆ ಬೆಲೆಯನ್ನೂ ಕಟ್ಟಿದರು. ಅವರ ಮೌನದೊಳಗೆ ಏನಿದೆಯೆಂದು ನನಗೆ ಕಾಣುವಂತಿರಲಿಲ್ಲ. ಘಾಟಿಯ ಜಾತ್ರೆಯಲ್ಲಿ ಇಬ್ಬರು ರೈತರ ನಡುವೆ ಸಲ್ಲುತ್ತಿದ್ದ ನಿಯಮ ಇಲ್ಲಿ ಸಲ್ಲದು. ತಿಳಿವು ಎಲ್ಲಿದೆಯೋ ಹೊಣೆಯೂ ಅಲ್ಲಿಯೇ ಇರಬೇಕು. ಹಳೆಯ ಕಾರುಗಳ ಪೇಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಬರೆದ ಲೇಖನವೂ ಇದನ್ನು ಕುರಿತದ್ದೇ. ಒಳ್ಳೆಯದು ಕೆಟ್ಟದ್ದು ಕೊಳ್ಳುವವನಿಗೆ ಕಾಣದಿದ್ದಲ್ಲಿ ಅವನು ಎಲ್ಲಕ್ಕೂ ಕಡಿಮೆ ಬೆಲೆಯನ್ನೇ ಕೇಳುತ್ತಾನೆ; ಒಳ್ಳೆಯ ಕಾರಿನವನು ಪೇಟೆಯನ್ನೇ ಬಿಡುತ್ತಾನೆ. 2001ರಲ್ಲಿ ಅವರಿಗೆ ನೊಬೆಲ್ ಗೌರವ ಬಂದಿತು.

ಈ ಮಾತನ್ನೇ ಸರಳವಾಗಿ ವ್ಯಾಪಾರಿಗೆ ಹೇಳಿದೆ. ನೋಟೀಸು ಜೇಬಿನಲ್ಲಿದೆ ಎಂಬುದನ್ನೂ ಹೇಳಿದೆ. ಬಹಳ ಹೊತ್ತು ಚೌಕಾಸಿಯಾಗಿ, 22,000 ಅವರು, 10,000 ನಾನು ಎಂದು ತೀರ್ಮಾನವಾಯಿತು. ಇದು ನ್ಯಾಯವಲ್ಲ, ರಾಜಿ. ಆಯೋಗದವರೆಗೆ ಹೋಗಿದ್ದರೆ ಪೂರ್ತಿ ದೊರೆಯುತ್ತಿತ್ತೋ ಏನೋ. ಆದರೆ ತಾಯಿಯವರು ಮೇಲುಕೋಟೆಯನ್ನು ಬೇಗನೆ ನೋಡಬೇಕು ಎನ್ನುತ್ತಿದ್ದರು.

ಏಳುವಾಗ ಅವರು ಒಂದು ಕಾಗದ ಮುಂದಿಟ್ಟರು. ನನ್ನ ಹಳೆಯ ಕಾರು ಮಾರಾಟವಾಗಿತ್ತು. ಹೆಸರು ವರ್ಗಾಯಿಸಲು ನನ್ನ ಒಂದು ಸಹಿ ಬಾಕಿ ಇತ್ತು.

“ಕೊಂಡವರಿಗೆ ಆಯಿಲ್ ವಿಷಯ ಹೇಳಿದಿರಾ?” ಎಂದೆ.

“ಅವರು ಕೇಳಲಿಲ್ಲ, ಸಾರ್.”

ಲೇಖನಿ ಕೈಯಲ್ಲಿತ್ತು. ನನ್ನ ಕಾರಿನ ಇಂಜಿನ್ ಅವರ ಗ್ಯಾರೇಜಿನಲ್ಲಿ ಬಿಚ್ಚಿಕೊಳ್ಳಬೇಕಾಗಿತ್ತು. ರಾಜಿ ಇನ್ನೂ ಬಾಯಿಮಾತಿನಲ್ಲಿತ್ತು. ಸಹಿ ಹಾಕಿ ಎದ್ದರೆ ಎಲ್ಲರಿಗೂ ಸುಲಭ, ಅಲ್ಲಿ ಇಲ್ಲದ ಆ ಒಬ್ಬರಿಗೆ ಹೊರತು. ಒಂದು ನಿಮಿಷ ನಾನು ನಿಜವಾಗಿಯೂ ತೂಗಿ ನೋಡಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಆಮೇಲೆ, “ಅವರನ್ನು ಕರೆಸಿ, ಅವರೆದುರಿಗೇ ಹಾಕುತ್ತೇನೆ” ಎಂದೆ. ವ್ಯಾಪಾರಿಯ ಮುಖದ ನಗೆ ಅಂದು ಮೊದಲ ಬಾರಿಗೆ ಮಾಯವಾಯಿತು.

ಸಂಜೆ ಬಂದವರು ಒಬ್ಬ ಚಿಕ್ಕ ವಯಸ್ಸಿನ ಗೃಹಸ್ಥರು. ಹೆಂಡತಿಯ ಹೆರಿಗೆಯ ಹೊತ್ತಿಗೆ ಬೇಕೆಂದು ಕಾರು ಕೊಂಡಿದ್ದರಂತೆ. ಆಯಿಲಿನ ವಿಷಯವನ್ನು ಪೂರ್ತಿ ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, “ಇದನ್ನು ಮೊದಲೇ ಹೇಳಬಹುದಾಗಿತ್ತಲ್ಲ, ಸಾರ್?” ಎಂದರು.

ನನ್ನಲ್ಲಿ ಸಿದ್ಧವಾಗಿದ್ದ ಉತ್ತರ ಒಂದೇ. ಅದನ್ನು ಆಡಲು ಬಾಯಿ ಬರಲಿಲ್ಲ. ರಿಪೇರಿಗೆ ನಾನೂ ಒಂದು ಪಾಲು ಕೊಡುತ್ತೇನೆ ಎಂದೆ. ಎಷ್ಟು ಪಾಲು ಎಂಬ ಲೆಕ್ಕ ಈಗ ನಮ್ಮ ಮೂವರ ನಡುವೆ ನಡೆದಿದೆ.