ವಾರ್ಧಕ್ಯದಲ್ಲಿ ಸಟ್ಟುಗ ಯಾರ ಕೈಯಲ್ಲಿ?

ಗೃಹಸ್ಥಧರ್ಮವನ್ನು ಕುರಿತ ಉಪನ್ಯಾಸಗಳನ್ನು ನಾವು ಬಹಳಷ್ಟು ಕೇಳಿದ್ದೇವೆ. ನೈವೇದ್ಯ, ವೈಶ್ವದೇವ, ಅತಿಥಿಸತ್ಕಾರ, ಹಿರಿಯರ ಶ್ರಾದ್ಧ ಇವೆಲ್ಲವೂ ಮನೆಯ ಒಲೆಯನ್ನು ಆಶ್ರಯಿಸಿ ನಡೆಯತಕ್ಕವು. ಆದರೆ ಆ ಒಲೆಯ ಮುಂದೆ ನಿಲ್ಲುವ ದೇಹಕ್ಕೆ ಎಪ್ಪತ್ತು ದಾಟಿದಾಗ, ಮಕ್ಕಳು ಉದ್ಯೋಗನಿಮಿತ್ತವಾಗಿ ಬೆಂಗಳೂರು, ಪುಣೆ, ಅಮೆರಿಕಗಳಲ್ಲಿ ನೆಲೆಸಿ ಮನೆಯಲ್ಲಿ ವೃದ್ಧದಂಪತಿಗಳಿಬ್ಬರೇ ಅಥವಾ ಅವರಲ್ಲೊಬ್ಬರೇ ಉಳಿದಾಗ, ಈ ಧರ್ಮವು ಹೇಗೆ ನಡೆಯಬೇಕೆಂದು ವಿಚಾರಿಸುವವರು ಕಡಿಮೆ. "ಇಬ್ಬರಿಗೆಂದು ಏನು ಅಡಿಗೆ?" ಎಂಬ ಮಾತು ಮೊದಲು ಕೇಳಿಬರುತ್ತದೆ. ಕೆಲವು ವರ್ಷಗಳ ಮೇಲೆ, "ಒಂಟಿ ಜೀವಕ್ಕೆ ಏನು ಅಡಿಗೆ?" ಎಂದಾಗುತ್ತದೆ. ಕಾಫಿ, ಅವಲಕ್ಕಿ, ನಿನ್ನೆಯ ಸಾರು ಇಷ್ಟರಲ್ಲೇ ದಿನ ಕಳೆಯುತ್ತದೆ. ಇದನ್ನು ಸೌಕರ್ಯದ ಮಾತೆಂದು ತಳ್ಳಿಹಾಕಲಾಗದು. ಇದರಲ್ಲಿ ಧರ್ಮದ ಪ್ರಶ್ನೆಯೂ ಅಡಗಿದೆ.

ಗೀತೆಯ ಮೂರನೆಯ ಅಧ್ಯಾಯದಲ್ಲಿ ಭಗವಂತನು ಯಜ್ಞಶೇಷವನ್ನು ಉಣ್ಣುವವರನ್ನು ಹೊಗಳಿ, ತಮಗಾಗಿಯೇ ಬೇಯಿಸಿಕೊಳ್ಳುವವರನ್ನು ನಿಂದಿಸಿದ್ದಾನೆ. ದೇವರಿಗೆ ನಿವೇದಿಸಿ ಉಣ್ಣುವ ಮನೆಯಲ್ಲಿ ಆದ್ದರಿಂದ ಒಬ್ಬರಿಗಾಗಿ ಮಾಡುವ ಅಡಿಗೆ ಎಂಬುದೇ ಇಲ್ಲ. ಹಿಡಿ ಅಕ್ಕಿಯ ಅನ್ನವಾದರೂ ಅದು ಮೊದಲು ಹರಿಗೆ, ಅನಂತರ ನಮಗೆ. ಪ್ರಮಾಣದ ಚಿಂತೆಯೂ ಬೇಡ. ಕುಚೇಲನ ಅವಲಕ್ಕಿ ಒಂದು ಚಿಂದಿಯ ಗಂಟಿನಷ್ಟಿತ್ತು. ದ್ರೌಪದಿಯ ಪಾತ್ರೆಯಲ್ಲಿ ಉಳಿದಿದ್ದುದು ಒಂದು ಎಸಳು ಸೊಪ್ಪು. ಒಂಟಿಯಾಗಿ ಉಳಿದ ವೃದ್ಧರು "ಯಾರಿಗಾಗಿ?" ಎಂದು ಕೇಳಿಕೊಂಡಾಗ ಇದಕ್ಕಿಂತ ಧೈರ್ಯ ಕೊಡುವ ಉತ್ತರ ಬೇರೊಂದಿಲ್ಲ.

ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. "ನನಗೆ ದೇವರಿದ್ದಾನೆ" ಎಂದು ತಾಯಿಯು ಹೇಳಿದರೆ ಅದು ಭಕ್ತಿ. "ನಿನಗೆ ದೇವರಿದ್ದಾನಲ್ಲಮ್ಮ" ಎಂದು ಮಗನು ದೂರದಿಂದ ಹೇಳಿದರೆ ಅದು ಕರ್ತವ್ಯದಿಂದ ಜಾರಿಕೊಳ್ಳುವ ಉಪಾಯ.

ಎರಡನೆಯದು ಶಕ್ತಿಯ ಪ್ರಶ್ನೆ. ಒದ್ದೆ ಮಡಿಯುಟ್ಟು ನಾಲ್ಕು ಬಗೆಯ ಅಡಿಗೆ ಮಾಡಿದ ಅಭ್ಯಾಸವುಳ್ಳವರಿಗೆ ಅದನ್ನು ಕಡಿಮೆ ಮಾಡುವುದು ಧರ್ಮಲೋಪದಂತೆ ತೋರುತ್ತದೆ. ನಮ್ಮ ಹಿರಿಯರು ಕಠಿಣ ನಿಯಮಗಳನ್ನು ವಿಧಿಸಿದರು, ನಿಜ. ದೇಹದ ಮಿತಿಯನ್ನು ಅವರು ಮರೆತಿರಲಿಲ್ಲ. ಏಕಾದಶಿಯ ಉಪವಾಸವನ್ನು ಹೇಳುವ ಧರ್ಮಶಾಸ್ತ್ರಗ್ರಂಥಗಳು ಎಂಟು ವರ್ಷ ದಾಟಿದವರಿಂದ ಎಂಬತ್ತು ತುಂಬದವರವರೆಗೆ ಎಂದು ವಯಸ್ಸಿನ ಎಲ್ಲೆಯನ್ನು ಹಾಕಿವೆ. ನೀರು, ಹಾಲು, ಹಣ್ಣು, ಔಷಧ, ಗುರುವಚನ ಮೊದಲಾದ ಎಂಟು ವ್ರತವನ್ನು ಕೆಡಿಸವೆಂದು ಮಹಾಭಾರತದ ಉದ್ಯೋಗಪರ್ವದಲ್ಲಿದೆ. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಗ್ಗುತ್ತದೆ, ರುಚಿ ಮಂದವಾಗುತ್ತದೆ, ಸ್ನಾಯುಗಳು ಕರಗುತ್ತವೆ; ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು ಬರಿ ಹೊಟ್ಟೆಯಲ್ಲಿದ್ದರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಇಂಥವರು ವೈದ್ಯರನ್ನೂ ತಮ್ಮ ಮಠದ ಗುರುಗಳನ್ನೂ ಕೇಳಿ ನಡೆಯುವುದು ವ್ರತಭಂಗವೆನಿಸದು. ದಿನದ ಅಡಿಗೆಗೂ ಇದೇ ನ್ಯಾಯ. ಒಂದೇ ಕುಕ್ಕರಿನಲ್ಲಿ ಅನ್ನವೂ ತೊವ್ವೆಯೂ ಆದರೆ, ಜೊತೆಗೆ ಮಜ್ಜಿಗೆಯಿದ್ದರೆ, ನೈವೇದ್ಯಕ್ಕೂ ದೇಹಕ್ಕೂ ಸಾಲುತ್ತದೆ. ಚಾತುರ್ಮಾಸ್ಯದ ಶಾಕವ್ರತದಲ್ಲಿ ಹೆಸರುಬೇಳೆ, ಮೆಣಸು, ಜೀರಿಗೆಗಳಿಂದ ತಿಂಗಳು ಪೂರ್ತಿ ನಡೆಸುವ ನಮಗೆ ಸರಳವಾದ ಅಡಿಗೆ ಹೊಸದೇನಲ್ಲ.

ಮೂರನೆಯದು ಹೆಚ್ಚು ಕಷ್ಟದ ಪ್ರಶ್ನೆ: ಅಡಿಗೆ ಮಾಡತಕ್ಕವರು ಯಾರು? ಯಜಮಾನರಿಗೆ ಕೆಲಸದಿಂದ ಅರುವತ್ತಕ್ಕೆ ನಿವೃತ್ತಿಯಾಯಿತು. ಅವರ ಗೃಹಿಣಿಗೆ ಎಪ್ಪತ್ತೈದಾದರೂ ನಿವೃತ್ತಿಯಿಲ್ಲ. ಮಂಡಿನೋವಿನಿಂದ ಗೋಡೆ ಹಿಡಿದು ನಡೆಯುವ ಆಕೆ ಬಡಿಸುವವರೆಗೆ ಎಲೆಯ ಮುಂದೆ ಕುಳಿತು ಕಾಯುವುದು ಯಾವ ಧರ್ಮ? ಅಡಿಗೆ ಗಂಡಸಿಗೆ ತಕ್ಕದ್ದಲ್ಲವೆಂಬ ಮಾತು ಮಾಧ್ವರ ಬಾಯಲ್ಲಿ ಸಲ್ಲದು. ವಾಯುದೇವರ ಎರಡನೆಯ ಅವತಾರವಾದ ಭೀಮಸೇನನು ವಿರಾಟನ ಅರಮನೆಯಲ್ಲಿ ವಲಲನೆಂಬ ಹೆಸರಿನಿಂದ ಒಂದು ವರ್ಷ ಸಟ್ಟುಗ ಹಿಡಿದನು. ನಮ್ಮ ಮಠಗಳಲ್ಲಿಯೂ ದೇವರ ಅಡಿಗೆ ಮಾಡುವವರು ಗಂಡಸರೇ. ಮಠದಲ್ಲಿ ಗೌರವದ ಸೇವೆಯಾದುದು ಮನೆಯಲ್ಲಿ ಅಗೌರವ ಹೇಗಾದೀತು? ಪತ್ನಿಯು ಕುಳಿತಲ್ಲಿಂದಲೇ ಹೇಳಿಕೊಡುವಾಗ ಪತಿಯು ಅನ್ನ, ಸಾರು ಮಾಡಲು ಕಲಿತರೆ, ಮುಂದೆ ವಿಧಿವಶಾತ್ ಒಬ್ಬನೇ ಉಳಿಯಬೇಕಾದರೂ ಅವನು ಹಸಿದಿರಬೇಕಾಗಿಲ್ಲ.

ಉಡುಪಿಯ ಪರ್ಯಾಯದ ಕ್ರಮವನ್ನು ಇಲ್ಲಿ ಸ್ಮರಿಸಬಹುದು. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಶ್ರೀಕೃಷ್ಣನ ಪೂಜಾಧಿಕಾರವು ಒಂದು ಮಠದಿಂದ ಇನ್ನೊಂದಕ್ಕೆ ಹೋಗುವಾಗ, ನಿರ್ಗಮಿಸುವ ಯತಿಗಳು ಮುಂದಿನವರಿಗೆ ಅಕ್ಷಯಪಾತ್ರೆಯನ್ನೂ ಸಟ್ಟುಗವನ್ನೂ ಒಪ್ಪಿಸುತ್ತಾರೆ. ಅದಕ್ಕೂ ಮೊದಲು ನಡೆಯುವ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳೆಲ್ಲ ಅನ್ನದಾನದ ಸಿದ್ಧತೆಗಳೇ. ಅಷ್ಟು ದೊಡ್ಡ ಕ್ಷೇತ್ರದಲ್ಲಿಯೂ ಸಟ್ಟುಗವು ಒಬ್ಬರ ಕೈಯಲ್ಲೇ ಶಾಶ್ವತವಾಗಿ ಇರುವುದಿಲ್ಲ. ನಮ್ಮ ಮನೆಗಳಲ್ಲಿ ಮಾತ್ರ ಅದನ್ನು ಕೇಳಿ ತೆಗೆದುಕೊಳ್ಳುವವರಿಲ್ಲ. ಕೆಲವೆಡೆ, ಸೊಸೆ ಮುಂದೆ ಬಂದರೂ "ಅವಳ ಕೈಯ ಹುಳಿ ನಮಗೆ ಸೇರದು" ಎಂದು ಬಿಟ್ಟುಕೊಡುವವರೂ ಇಲ್ಲ. ತೆಗೆದುಕೊಳ್ಳುವುದೂ ಬಿಟ್ಟುಕೊಡುವುದೂ ಎರಡೂ ಸಾಧನೆಗಳೇ.

ಬಿಟ್ಟುಕೊಡಲು ಅಡ್ಡಿಯಾಗುವುದು ಪರಾಧೀನತೆಯ ಭಯ. "ಯಾರ ಹಂಗಿನಲ್ಲೂ ಇರದೆ ಹೋಗಬೇಕು" ಎಂಬುದು ಹಿರಿಯರ ಸಾಮಾನ್ಯ ಪ್ರಾರ್ಥನೆ. ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದಲ್ಲಿ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿದ್ದಾರೆ. ಸ್ವತಂತ್ರನು ವಿಷ್ಣುವೊಬ್ಬನೇ. ಇಪ್ಪತ್ತೈದರ ಯೌವನದಲ್ಲಿಯೂ ನಾವು ಪರತಂತ್ರರೇ ಆಗಿದ್ದೆವು. ಆಗ ಅದು ಕಾಣುತ್ತಿರಲಿಲ್ಲ, ಮುಪ್ಪಿನಲ್ಲಿ ಕಾಣುತ್ತದೆ, ಅಷ್ಟೆ. ಇದನ್ನು ತಿಳಿದವರು ಇನ್ನೊಬ್ಬರು ತಂದಿಟ್ಟ ತಟ್ಟೆಯನ್ನು ಅವಮಾನವೆಂದು ಬಗೆಯುವುದಿಲ್ಲ. ನೀಡುವವರಲ್ಲಿ ಪ್ರೇರಕನಾಗಿ ನಿಂತ ಹರಿಯನ್ನು ಕಾಣುತ್ತಾರೆ. ಹಾಗೆಯೇ, ನೀಡುವವರಿಗೂ ಅಹಂಕಾರಪಡಲು ಅವಕಾಶವಿಲ್ಲ.

ಕಡೆಯದಾಗಿ ಸಹವಾಸದ ವಿಷಯ. 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು ಅನ್ನ, ವಸ್ತ್ರ, ವಸತಿ, ಚಿಕಿತ್ಸೆಗಳನ್ನು ಪೋಷಣೆಯಲ್ಲಿ ಸೇರಿಸಿದೆ. ಕಾಯಿದೆಯು ಹಣ ಕೊಡಿಸೀತು. ಎಲೆಯ ಪಕ್ಕದಲ್ಲಿ ಕುಳಿತು "ಇನ್ನೊಂದು ತುತ್ತು ಹಾಕಿಕೊಳ್ಳಿ" ಎನ್ನುವವರನ್ನು ಕೊಡಿಸಲಾರದು. ಅದನ್ನು ನಾವೇ ಒದಗಿಸಬೇಕು. ಒಂದೇ ಬೀದಿಯಲ್ಲಿ ಒಂಟಿಯಾಗಿರುವ ಇಬ್ಬರು ಹಿರಿಯರಲ್ಲಿ ಒಬ್ಬರು ಅನ್ನ ಮಾಡಿ ಒಬ್ಬರು ಹುಳಿ ಮಾಡಿದರೆ ಇಬ್ಬರ ಶ್ರಮವೂ ಅರ್ಧ, ಊಟಕ್ಕೆ ಜೊತೆಯೂ ದೊರೆಯಿತು. ಸೊಂಟ ಬಗ್ಗದವರು ಅಡಿಗೆಯವರನ್ನು ಇಟ್ಟುಕೊಂಡರೆ, ಅವರ ವೇತನವನ್ನು ಮಕ್ಕಳು ಸಂತೋಷದಿಂದ ಕೊಡಲಿ. ಉತ್ಸವದ ಸಂತರ್ಪಣೆಗೆ ಬರುವಾಗ ಪಕ್ಕದ ಮನೆಯ ಹಿರಿಯರನ್ನು ಕೈಹಿಡಿದು ಕರೆತನ್ನಿ. ಬರಲಾಗದವರಿಗೆ ಪ್ರಸಾದವನ್ನು ಒಯ್ದು, ಅವರು ಉಂಡು ಮುಗಿಸುವವರೆಗೆ ಕುಳಿತು ಮಾತನಾಡಿ. ದೂರದ ಮಕ್ಕಳು ಹಬ್ಬಕ್ಕೆ ಬಂದಾಗ ಅಮ್ಮನ ಕೈಯಡಿಗೆಯನ್ನು ಬಯಸುವುದು ಸಹಜ. ಅದರಲ್ಲಿ ಒಂದು ದಿನವಾದರೂ ತಾಯಿಯನ್ನು ಕುಳ್ಳಿರಿಸಿ ತಾವು ಬಡಿಸಲಿ.

ಅನ್ನವನ್ನು ಬೇಯಿಸುವುದು ಸೇವೆ. ಬೇಯಿಸಲಾಗದಾದಾಗ ಇನ್ನೊಬ್ಬರ ಕೈಯಿಂದ ಪ್ರಸನ್ನಚಿತ್ತದಿಂದ ಸ್ವೀಕರಿಸುವುದೂ ಸೇವೆ. ಎರಡನ್ನೂ ಬಲ್ಲವರ ವಾರ್ಧಕ್ಯವು ಭಾರವಾಗುವುದಿಲ್ಲ.

॥ ಶ್ರೀಕೃಷ್ಣಾರ್ಪಣಮಸ್ತು ॥