ಮುಟ್ಟದೆ ಎಣಿಸುವ ವಿದ್ಯೆ

ಒಂದು ಮೈಕ್ರೋಆಂಪಿಯರ್ ಕರೆಂಟ್ ಎಂದರೆ ಸೆಕೆಂಡಿಗೆ ಸುಮಾರು 6.24 ಲಕ್ಷ ಕೋಟಿ ಎಲೆಕ್ಟ್ರಾನ್. ಅಮ್ಮೀಟರಿನ ಮುಳ್ಳು ಹೇಳುವುದು ಇವುಗಳ ಸರಾಸರಿಯನ್ನಷ್ಟೆ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗವೊಂದರ ಗ್ರಾಫ್ ನೋಡಿದ ಮೇಲೆ ಸರಾಸರಿಯ ಮೇಲೆ ನಾನಿಟ್ಟಿದ್ದ ಭರವಸೆ ಕದಲಿತು. ಅದರಲ್ಲಿ ಗೆರೆಯೊಂದು ಎರಡು ಮಟ್ಟಗಳ ನಡುವೆ ಏರುತ್ತದೆ, ಇಳಿಯುತ್ತದೆ. ಇಳಿದರೆ ಒಂದು ಎಲೆಕ್ಟ್ರಾನ್ ಒಳಗೆ ಬಂತು, ಏರಿದರೆ ಹೊರಗೆ ಹೋಯಿತು.

ಒಳಗೆ ಎಂದರೆ ಕ್ವಾಂಟಮ್ ಡಾಟ್‌ನೊಳಗೆ. ಗ್ಯಾಲಿಯಂ ಆರ್ಸೆನೈಡ್ ಹರಳಿನಲ್ಲಿ, ನಿರಪೇಕ್ಷ ಶೂನ್ಯಕ್ಕೆ ತೀರ ಹತ್ತಿರದ ಚಳಿಯಲ್ಲಿ, ಎಲೆಕ್ಟ್ರಾನುಗಳಿಗೆಂದೇ ಕಟ್ಟಿದ ಪುಟ್ಟ ಕೋಣೆ ಅದು. ಒಳಗಿರುವ ಎಲೆಕ್ಟ್ರಾನಿನ ವಿಕರ್ಷಣೆಯೇ ಮುಂದಿನದನ್ನು ಬಾಗಿಲಲ್ಲಿ ತಡೆಯುತ್ತದೆ. ಹಾಗಾಗಿ ಒಂದು ಹೋದ ಮೇಲೆಯೇ ಇನ್ನೊಂದು. ಸೆಕೆಂಡಿಗೆ ಸಾವಿರ ಎಲೆಕ್ಟ್ರಾನ್ ಹಾದರೂ ಕರೆಂಟ್ 0.16 ಫೆಮ್ಟೊಆಂಪಿಯರ್ ಮಾತ್ರ. ಎಲೆಕ್ಟ್ರಾನುಗಳು ಒಂದರ ಪರಿವೆ ಇನ್ನೊಂದಕ್ಕಿಲ್ಲದೆ ಬರುವಾಗ ಇರುವಷ್ಟು ಏರಿಳಿತ ಈ ಎಣಿಕೆಯಲ್ಲಿ ಇರುವುದಿಲ್ಲ. ಎರಡೂ ಬದಿಯ ತಡೆಗಳು ಸಮನಾಗಿದ್ದರೆ ಅದು ಅರ್ಧಕ್ಕೆ ಇಳಿಯುತ್ತದೆ. ಸರದಿ ಕಾಯುವ ಈ ಶಿಸ್ತು ಸರಾಸರಿಯಲ್ಲಿ ಕಾಣುವುದೇ ಇಲ್ಲ.

ಎಣಿಸುವುದು ಯಾರು? ಪಕ್ಕದಲ್ಲೇ ಇರುವ ಇಕ್ಕಟ್ಟಾದ ಇನ್ನೊಂದು ದಾರಿ, ಕ್ವಾಂಟಮ್ ಪಾಯಿಂಟ್ ಕಾಂಟ್ಯಾಕ್ಟ್. ಗ್ರಾಫಿನ ಗೆರೆ ಇದರ ಕರೆಂಟೇ. ಅದನ್ನು ಅಗಲಿಸುತ್ತ ಹೋದರೆ ವಾಹಕತೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆಂದು 1988ರಲ್ಲಿ ನೆದರ್ಲೆಂಡ್ಸ್ ಮತ್ತು ಕೇಂಬ್ರಿಜ್‌ನ ತಂಡಗಳು ಕಂಡುಕೊಂಡವು. ಆ ದಾರಿಯನ್ನೇ ನೆರೆಯ ಡಾಟ್‌ನ ವಿದ್ಯುದಂಶ ಅರಿಯಲು ಬಳಸಬಹುದೆಂದು 1993ರಲ್ಲಿ ಕೇಂಬ್ರಿಜ್ ತೋರಿಸಿತು.

ನನ್ನನ್ನು ಬಿಡದೆ ಕಾಡಿದ್ದು ಇಲ್ಲಿನ ಒಂದು ಸಂಗತಿ. ವಾಹಕತೆ ಮೆಟ್ಟಿಲಿನ ಸಮತಟ್ಟಿನ ಮೇಲಿರುವಾಗ ಈ ದಾರಿಗೆ ನೆರೆಯ ಎಲೆಕ್ಟ್ರಾನ್ ಬಂದದ್ದೂ ಗೊತ್ತಾಗದು, ಹೋದದ್ದೂ ಗೊತ್ತಾಗದು. ಸ್ಥಿರತೆಯೇ ಅಲ್ಲಿ ಕಿವುಡು. ಎರಡು ಮೆಟ್ಟಿಲುಗಳ ನಡುವಿನ ಕಡಿದಾದ ಏರಿನಲ್ಲಿ, ಕೂದಲೆಳೆಯಷ್ಟು ಅಲುಗಿದರೂ ವಾಹಕತೆ ಬದಲಾಗುವ ಕಡೆ ತಂದಿಟ್ಟರೆ ಮಾತ್ರ ಅದು ಒಂದೇ ಒಂದು ಎಲೆಕ್ಟ್ರಾನಿನ ಸುಳಿವನ್ನೂ ಹಿಡಿಯುತ್ತದೆ. ನಾವು ಅರಿವನ್ನು ಗಟ್ಟಿಯಾಗಿ ನಿಂತವರಲ್ಲಿ ಹುಡುಕುತ್ತೇವೆ. ಆದರೆ ಇನ್ನೊಬ್ಬರ ಸಂಕಟ ಮೊದಲು ತಟ್ಟುವುದು ತಾವೇ ಇನ್ನೂ ಅಲುಗಬಲ್ಲವರಿಗೆ. ಕಂಡು ಅರಿತ ಈ ಮಾತಿಗೆ ಹರಳೊಂದು ಸಾಕ್ಷಿ ನುಡಿದಂತಾಯಿತು.

ಆದರೆ ಮುಟ್ಟದೆ ನೋಡಿದರೆ ಕದಡದೆ ನೋಡಿದಂತಲ್ಲ. 1998ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಎರಡು ದಾರಿಗಳ ಉಂಗುರವೊಂದರಲ್ಲಿ ಒಂದು ದಾರಿಗೆ ಡಾಟ್ ಇಟ್ಟು, ಅದರ ಪಕ್ಕ ಇಂಥದೇ ಪತ್ತೆಗಾರನನ್ನು ಕೂರಿಸಿದರು. ಎಲೆಕ್ಟ್ರಾನ್ ಎರಡೂ ದಾರಿಯಲ್ಲಿ ಅಲೆಯಾಗಿ ಸಾಗಿ ತನ್ನೊಡನೆ ತಾನೇ ಕೂಡುವ ಆಟ ಅಲ್ಲಿ ಮಸುಕಾಯಿತು. ಪತ್ತೆಗಾರ ಸೂಕ್ಷ್ಮವಾದಷ್ಟೂ ಹೆಚ್ಚು ಮಸುಕಾಯಿತು. ಪತ್ತೆಗಾರ ಹೇಳಿದ್ದನ್ನು ಯಾರಾದರೂ ಓದಿಕೊಳ್ಳಬೇಕೆಂದೇನೂ ಇರಲಿಲ್ಲ.